ರೋಲರ್ ಚಾಲಕನಿಗೆ ಯಾರೂ ಹೇಳದ ಸಂಗತಿ

ರಸ್ತೆಯ ತಳಪಾಯ ಸರಿಯಾಗಿ ಕೂತಿದೆಯೇ ಎಂದು ನೋಡಲು ನಮ್ಮ ಎಂಜಿನಿಯರುಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಪರೀಕ್ಷೆ ಸರಳವಾದದ್ದು. ದಮ್ಮಸ್ಸು ಮಾಡಿದ ಮಣ್ಣಿನಲ್ಲಿ ಗುಂಡಿ ತೋಡಿ, ತೆಗೆದ ಮಣ್ಣನ್ನು ತೂಗಿ, ಗುಂಡಿಗೆ ಒಣ ಮರಳು ಸುರಿದು ಅದರ ಗಾತ್ರ ಕಂಡುಕೊಳ್ಳುತ್ತಾರೆ. ಭಾರತೀಯ ಮಾನಕ ಐಎಸ್ 2720ರ 28ನೇ ಭಾಗ ಹೇಳುವುದು ಇದನ್ನೇ. ತೇವಾಂಶ ಕರಾರುವಾಕ್ಕಾಗಿ ಬೇಕೆಂದರೆ ಮಣ್ಣನ್ನು ಲ್ಯಾಬಿನ ಓವನ್‌ನಲ್ಲಿ 105ರಿಂದ 110 ಡಿಗ್ರಿ ಶಾಖದಲ್ಲಿ ಒಣಗಲು ಬಿಟ್ಟು ಮರುದಿನದವರೆಗೆ ಕಾಯಬೇಕು. ಅಷ್ಟು ಹೊತ್ತೂ ರೋಲರ್ ಬಾಡಿಗೆ ಏರುತ್ತಲೇ ಇರುತ್ತದೆ. ಈ ಕಾಯುವಿಕೆಯನ್ನು ಒಂದು ನಿಮಿಷಕ್ಕೆ ಇಳಿಸಿದ್ದು ನ್ಯೂಕ್ಲಿಯರ್ ಡೆನ್ಸಿಟಿ ಗೇಜ್.

ಒಬ್ಬರೇ ಎತ್ತಿಕೊಂಡು ಓಡಾಡಬಹುದಾದ 13-14 ಕೆಜಿಯ ಉಪಕರಣ ಅದು. ಒಳಗೆ ಎರಡು ವಿಕಿರಣ ಮೂಲಗಳಿರುತ್ತವೆ. ಹೆಚ್ಚು ಬಳಕೆಯಲ್ಲಿರುವ ಮಾದರಿಗಳಲ್ಲಿ ಸುಮಾರು 8 ಮಿಲಿಕ್ಯೂರಿ ಸೀಸಿಯಂ-137 ಸಾಂದ್ರತೆಯನ್ನು ಅಳೆದರೆ, ಸುಮಾರು 40 ಮಿಲಿಕ್ಯೂರಿ ಅಮೆರಿಸಿಯಂ-241 ಬೆರಿಲಿಯಂ ಜೊತೆ ಸೇರಿ ನ್ಯೂಟ್ರಾನ್ ಹೊಮ್ಮಿಸಿ ತೇವವನ್ನು ಅಳೆಯುತ್ತದೆ. ಸೀಸಿಯಂ ಕೂತಿರುವುದು ಉಕ್ಕಿನ ಸಲಾಕೆಯ ತುದಿಯಲ್ಲಿ. ನೆಲದಲ್ಲಿ ತೂತು ಮಾಡಿ ಸಲಾಕೆಯನ್ನು ಇಳಿಸಬೇಕು, ಓದು ಬಂದ ಮೇಲೆ ಮೇಲಕ್ಕೆಳೆದು ಕವಚದೊಳಗೆ ಕೂರಿಸಬೇಕು. ಸಲಾಕೆ ಕವಚದೊಳಗಿದ್ದರೆ ಉಪಕರಣದಿಂದ ಭಯಪಡುವಂಥದ್ದೇನಿಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳಬೇಕು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ನಾಲ್ವರನ್ನು ಕೊಂದ ಸೀಸಿಯಂ ಮೂಲ ಈ ಗೇಜಿನದಕ್ಕಿಂತ ಒಂದೂವರೆ ಲಕ್ಷ ಪಟ್ಟಿಗೂ ಮಿಗಿಲಾದದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಜನರನ್ನು ಬೆದರಿಸುವುದು ತಪ್ಪು.

ನನ್ನ ತಕರಾರು ಉಪಕರಣದ ಮೇಲಲ್ಲ, ಅದನ್ನು ಕಾಯಲು ನಾವು ಕಟ್ಟಿರುವ ವ್ಯವಸ್ಥೆಯ ಮೇಲೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಿಂದ ಇದೆ. 2004ರ ವಿಕಿರಣ ರಕ್ಷಣಾ ನಿಯಮಗಳಿವೆ. ಮಂಡಳಿಯ ಅನುಮತಿ ಬೇಕು, ವಿಕಿರಣ ಸುರಕ್ಷಾ ಅಧಿಕಾರಿ ಇರಬೇಕು, ಗೇಜ್ ಹಿಡಿದವನ ಎದೆಯ ಮೇಲೆ ಅವನಿಗೆ ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರಬೇಕು. ವಿಕಿರಣ ಕೆಲಸಗಾರನಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಸಾರ್ವಜನಿಕರಿಗೆ 1 ಮಿಲಿಸೀವರ್ಟ್ ಎಂಬ ಮಿತಿಯೂ ಇದೆ. ಕಾಗದದ ಮೇಲೆ ಇದರಲ್ಲಿ ಕೊರತೆ ಹುಡುಕುವುದು ಕಷ್ಟ. ಆದರೆ ಇಷ್ಟೂ ಏರ್ಪಾಡು ಸುತ್ತುವುದು ಗೇಜನ್ನು ಕೈಯಲ್ಲಿ ಹಿಡಿದವನನ್ನೇ. ಅವಘಡಗಳೋ ಗೇಜು ಆ ಕೈ ತಪ್ಪಿದ ಮೇಲೆ ಆಗುತ್ತವೆ.

ಜಗತ್ತಿನ ಬೇರೆ ಬೇರೆ ದೇಶಗಳ ನಿಯಂತ್ರಕರು ದಾಖಲಿಸಿರುವ ಘಟನೆಗಳಲ್ಲಿ ಒಂದು ಬಗೆ ಮತ್ತೆ ಮತ್ತೆ ಬರುತ್ತದೆ. ತಂತ್ರಜ್ಞ ಗೇಜನ್ನು ನೆಲದ ಮೇಲಿಟ್ಟು, ಓದು ಬರುವಷ್ಟರಲ್ಲಿ ಫೋನಿಗೋ ಲೆಕ್ಕದ ಪುಸ್ತಕಕ್ಕೋ ಎಂದು ನಾಲ್ಕು ಹೆಜ್ಜೆ ಆಚೆ ಹೋಗಿರುತ್ತಾನೆ. ಹಿಂದಕ್ಕೆ ಬರುವ ರೋಲರ್ ಅದರ ಮೇಲೆ ಹತ್ತುತ್ತದೆ. ಹೊರಕವಚ ಪುಡಿಯಾಗುತ್ತದೆ, ಸಲಾಕೆ ಬಾಗಿ ಒಳಗೆ ಹೋಗದೆ ನಿಲ್ಲುತ್ತದೆ. ಮೂಲವನ್ನು ಮುಚ್ಚಿರುವ ಉಕ್ಕಿನ ಕ್ಯಾಪ್ಸೂಲ್ ಗಟ್ಟಿಯಾದದ್ದು, ಸಾಮಾನ್ಯವಾಗಿ ಒಡೆಯುವುದಿಲ್ಲ. ಅಪಾಯ ಇರುವುದು ಆನಂತರದ ಹತ್ತು ನಿಮಿಷದಲ್ಲಿ. ಚಾಲಕ ಗಾಬರಿಯಿಂದ ಇಳಿದು ಬರುತ್ತಾನೆ, ಮೇಸ್ತ್ರಿ ಚೂರುಗಳನ್ನು ಆಯಲು ಬಾಗುತ್ತಾನೆ, ಯಾರೋ ಬಾಗಿದ ಸಲಾಕೆಯನ್ನು ಕೈಯಿಂದ ನೆಟ್ಟಗೆ ಮಾಡಲು ನೋಡುತ್ತಾರೆ. ಎಲ್ಲರೂ ದೂರ ಸರಿದು, ಹಗ್ಗ ಕಟ್ಟಿ, ರೋಲರನ್ನೂ ಇದ್ದಲ್ಲೇ ನಿಲ್ಲಿಸಿ, ವಿಕಿರಣ ಅಳೆಯುವ ಮೀಟರ್ ಬರುವವರೆಗೆ ಕಾಯಬೇಕು ಎಂಬುದು ಗೊತ್ತಿರುವವನು ಅಲ್ಲಿ ಒಬ್ಬನೇ, ಅವನೂ ಆಗ ತಲೆಕೆಟ್ಟು ನಿಂತಿರುತ್ತಾನೆ. ರೋಲರ್ ಚಾಲಕ ತಿಂಗಳುಗಟ್ಟಲೆ ಗೇಜಿನ ಪಕ್ಕದಲ್ಲೇ ದುಡಿದರೂ ನಿಯಮದ ಕಣ್ಣಿನಲ್ಲಿ ಬರಿಯ ‘ಸಾರ್ವಜನಿಕ’. ಅವನಿಗೆ ಬ್ಯಾಡ್ಜ್ ಬೇಡ, ಸರಿ. ಎರಡು ಮಾತಿನ ತಿಳಿವಳಿಕೆಯಾದರೂ ಬೇಡವೇ?

ಎರಡನೆಯದು ಕಳವು. ಪಿಕಪ್ ವಾಹನದ ಹಿಂದೆ ಸರಪಳಿ ಹಾಕಿದ ಪೆಟ್ಟಿಗೆ ಕಂಡರೆ ಒಳಗೆ ಬೆಲೆಬಾಳುವುದು ಏನೋ ಇದೆ ಎಂದೇ ಕಳ್ಳನಿಗೆ ಅನ್ನಿಸುತ್ತದೆ. ಅಮೆರಿಕದಲ್ಲಿ ಇಂಥ ಕಳವುಗಳು ನಿಲ್ಲದ ಕಾರಣ 2005ರಲ್ಲಿ ನಿಯಮವನ್ನೇ ಬಿಗಿ ಮಾಡಿ, ಗೇಜು ಕಣ್ಣೆದುರು ಇಲ್ಲದಾಗ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭೌತಿಕ ತಡೆಗಳು ಇರಲೇಬೇಕು ಎಂದರು. ಇದು ನನಗೆ ಹಿಡಿಸಿದ ನಿಯಮ, ಏಕೆಂದರೆ ಅದು ಮನುಷ್ಯ ಮರೆಯುತ್ತಾನೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿದೆ. ಒಂದು ಬೀಗ ಹಾಕುವುದನ್ನು ಮರೆತರೂ ಇನ್ನೊಂದು ಉಳಿದಿರುತ್ತದೆ.

ಸಾಗಾಟದ ಪಾಠ 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಿಂದ ಬಂತು. ರಿಯೊ ಟಿಂಟೊ ಕಂಪನಿಯ ಗಣಿಯಲ್ಲಿ ಜೋಡಿಸಿದ್ದ ಗೇಜನ್ನು ಪರ್ತ್‌ಗೆ ಲಾರಿಯಲ್ಲಿ ಕಳಿಸಿದರು. ದಾರಿಯುದ್ದಕ್ಕೂ ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗಿ, 8 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲದ, ಕಡಲೆಕಾಳಿನಷ್ಟಿದ್ದ ಸೀಸಿಯಂ ಕ್ಯಾಪ್ಸೂಲ್ ಜಾರಿ ರಸ್ತೆಗೆ ಬಿತ್ತು. ಜನವರಿ 12ರಂದು ಹೊರಟ ಪೆಟ್ಟಿಗೆಯನ್ನು ತೆರೆದು ನೋಡಿದ್ದು 25ಕ್ಕೆ. 1,400 ಕಿಲೋಮೀಟರ್ ದಾರಿಯನ್ನು ಜಾಲಾಡಿ ಫೆಬ್ರವರಿ 1ರಂದು ನ್ಯೂಮನ್ ಪಟ್ಟಣದ ಬಳಿ ಪತ್ತೆ ಮಾಡಿದರು. ಅದು ಸಿಕ್ಕಿದ್ದು ಜನವಸತಿಯಿಲ್ಲದ ರಸ್ತೆಬದಿಯಲ್ಲಿ.

ಬೆಂಗಳೂರಿನ ಬಿನ್ನಿಪೇಟೆಯಲ್ಲಿ ಅಂಥ ನಿರ್ಜನ ಜಾಗ ಎಲ್ಲಿದೆ? 1884ರಲ್ಲಿ ಶುರುವಾಗಿ ನಗರದ ಕಾರ್ಮಿಕ ಬದುಕಿಗೆ ನೆಲೆಯಾಗಿದ್ದ ಬಿನ್ನಿ ಮಿಲ್ಲಿನ ಜಾಗದಲ್ಲಿ ಇಂದು ಬಹುಮಹಡಿ ವಸತಿ ಸಮುಚ್ಚಯಗಳಿವೆ. 2015ರ ನವೆಂಬರ್‌ನಲ್ಲಿ ಮಾಗಡಿ ರಸ್ತೆಗೆ ಮೆಟ್ರೋ ಬಂತು. ರಸ್ತೆ ಅಗೆತ, ಚರಂಡಿ ಕೆಲಸ, ಡಾಂಬರು ಇಲ್ಲಿ ವರ್ಷವಿಡೀ ನಡೆಯುವ ಸಂಗತಿ. ಪಕ್ಕದ ಕಾಟನ್‌ಪೇಟೆ ದಾಟಿದರೆ ಜಾಲಿ ಮೊಹಲ್ಲಾದ ಗುಜರಿ ಪೇಟೆ. ಅಂದರೆ ಸೈಟಿನಿಂದ ಬಿದ್ದ ಲೋಹದ ತುಂಡು ಆಯುವವರ ಚೀಲಕ್ಕೆ, ಅಲ್ಲಿಂದ ಗುಜರಿ ಅಂಗಡಿಯ ತಕ್ಕಡಿಗೆ, ಅಲ್ಲಿಂದ ಕುಲುಮೆಗೆ ಹೋಗಲು ಒಂದು ದಿನ ಸಾಕು. ಸೀಸದ ಮತ್ತು ಟಂಗ್‌ಸ್ಟನ್‌ನ ಕವಚಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆಯೂ ಇದೆ.

ಈ ದಾರಿಯ ಕೊನೆಯಲ್ಲಿ ಏನಾಗಬಹುದು ಎಂಬುದಕ್ಕೆ ಪುರಾವೆಗಳಿವೆ. ದೆಹಲಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಕೋಬಾಲ್ಟ್ ಯಂತ್ರವನ್ನು 2010ರ ಫೆಬ್ರವರಿಯಲ್ಲಿ ಹರಾಜು ಹಾಕಿದರು. ಅದು ಸೇರಿದ್ದು ಅಲ್ಲಿನ ಮಾಯಾಪುರಿಯ ಗುಜರಿ ಪೇಟೆಗೆ. ಏಪ್ರಿಲ್‌ನಲ್ಲಿ ಗುಜರಿ ಅಂಗಡಿಯ ಒಬ್ಬ ಕೆಲಸಗಾರ ಸತ್ತ, ಇನ್ನೂ ಹಲವರು ಆಸ್ಪತ್ರೆ ಸೇರಿದರು. ಅದು ಗೇಜಲ್ಲ, ಅದರ ಶಕ್ತಿ ಬೇರೆಯೇ. ದಾರಿ ಮಾತ್ರ ಒಂದೇ. ಸ್ಪೇನಿನ ಅಸೆರಿನಾಕ್ಸ್ ಉಕ್ಕಿನ ಕಾರ್ಖಾನೆಯಲ್ಲಿ 1998ರ ಮೇ ತಿಂಗಳಲ್ಲಿ ಗುಜರಿಯೊಂದಿಗೆ ಸೀಸಿಯಂ ಮೂಲವೊಂದು ಕರಗಿಹೋಗಿ, ಅದರ ಸುಳಿವು ಯುರೋಪಿನ ಹಲವು ದೇಶಗಳ ಗಾಳಿಯಲ್ಲಿ ಸಿಕ್ಕಿತು. ನನ್ನನ್ನು ಹೆಚ್ಚು ಕಾಡಿದ್ದು ಉಕ್ರೇನಿನ ಕ್ರಮಾಟೋರ್ಸ್ಕ್. ಎಪ್ಪತ್ತರ ದಶಕದ ಕೊನೆಯಲ್ಲಿ ಜಲ್ಲಿ ಕ್ವಾರಿಯೊಂದರ ಗೇಜಿನಿಂದ ಸೀಸಿಯಂ ಕ್ಯಾಪ್ಸೂಲ್ ಕಳೆದುಹೋಯಿತು. ಹುಡುಕಿದರು, ಸಿಗಲಿಲ್ಲ, ಕೈಬಿಟ್ಟರು. ಅದು ಜಲ್ಲಿಯ ಜೊತೆ ಕಾಂಕ್ರೀಟಿಗೆ ಸೇರಿ 1980ರಲ್ಲಿ ಒಂದು ಅಪಾರ್ಟ್‌ಮೆಂಟಿನ ಗೋಡೆಯಾಯಿತು. 1989ರಲ್ಲಿ ಗೊತ್ತಾಗುವ ಹೊತ್ತಿಗೆ ಆ ಗೋಡೆಯ ಮಗ್ಗುಲಲ್ಲಿ ಮಲಗಿದವರಲ್ಲಿ ನಾಲ್ವರು ತೀರಿಕೊಂಡಿದ್ದರು, ಅವರಲ್ಲಿ ಮಕ್ಕಳೂ ಇದ್ದರು. ಆ ಮನೆಯವರು ಯಾವ ಗೇಜನ್ನೂ ಕಂಡವರಲ್ಲ.

ಗೇಜಿನ ಪರಿಚಯವೇ ಇಲ್ಲದವರನ್ನು ಎಚ್ಚರಿಸಲು ನಾವು ಅಂಟಿಸುವುದು ವಿಕಿರಣದ ಮೂರೆಸಳಿನ ಗುರುತನ್ನು. ಗೊತ್ತಿಲ್ಲದವನಿಗೆ ಅದು ಫ್ಯಾನಿನ ಚಿತ್ರವೂ ಆಗಬಹುದು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೇ ಇದು ಅರಿವಾಗಿ, 11 ದೇಶಗಳ 1,650 ಜನರ ಮುಂದೆ ಇಟ್ಟು ನೋಡಿ, ತಲೆಬುರುಡೆ ಮತ್ತು ಓಡುವ ಮನುಷ್ಯನಿರುವ ಕೆಂಪು ಗುರುತನ್ನು 2007ರಲ್ಲಿ ಹೊರತಂದಿತು. ಆದರೆ ಆ ಗುರುತು ಮೊದಲ ಮೂರು ವರ್ಗದ ಮೂಲಗಳಿಗೆ ಮಾತ್ರ. ರಸ್ತೆಯ ಗೇಜು ಬರುವುದು ನಾಲ್ಕನೇ ವರ್ಗದಲ್ಲಿ. ಶಕ್ತಿಯ ಲೆಕ್ಕದಲ್ಲಿ ಈ ವಿಂಗಡಣೆ ಸರಿಯೇ ಇರಬಹುದು. ಆದರೆ ಬೀದಿಯಲ್ಲಿ ಓಡಾಡುವ, ಕಳುವಾಗುವ, ರೋಲರಿಗೆ ಸಿಗುವ ಉಪಕರಣಕ್ಕೇ ಜನರಿಗೆ ಅರ್ಥವಾಗುವ ಗುರುತು ಇಲ್ಲದಿರುವುದು ನನಗೆ ಒಪ್ಪಿಗೆಯಾಗದ ವಿಚಾರ. ಪೆಟ್ಟಿಗೆಯ ಮೇಲೆ ಕನ್ನಡ, ಹಿಂದಿ, ತೆಲುಗು, ತಮಿಳಿನಲ್ಲಿ ‘ಬಿಚ್ಚಬೇಡಿ, ದೂರ ನಿಲ್ಲಿ, ಈ ನಂಬರಿಗೆ ಕರೆ ಮಾಡಿ’ ಎಂದು ದಪ್ಪಕ್ಷರದಲ್ಲಿ ಬರೆಸುವುದಕ್ಕೆ ಯಾವ ತಂತ್ರಜ್ಞಾನವೂ ಬೇಕಿಲ್ಲ.

ವಿಕಿರಣ ರಕ್ಷಣೆಯ ಮೊದಲ ಸೂತ್ರವೇ ಸಮರ್ಥನೆ, ಅಂದರೆ ಲಾಭ ಅಪಾಯಕ್ಕಿಂತ ದೊಡ್ಡದಾಗಿರಬೇಕು. ದಿನಕ್ಕೆ ನೂರಾರು ಮೀಟರ್ ರಸ್ತೆ ಹಾಸುವ ಹೆದ್ದಾರಿ ಕೆಲಸದಲ್ಲಿ ಗೇಜು ತನ್ನ ಇರವನ್ನು ಸಮರ್ಥಿಸಿಕೊಳ್ಳುತ್ತದೆ. ಕಳಪೆ ತಳಪಾಯವನ್ನು ಅಲ್ಲೇ ಹಿಡಿದುಕೊಡುತ್ತದೆ. ಪೈಪು ಹಾಕಿ ಮುಚ್ಚಿದ ಬಿನ್ನಿಪೇಟೆಯ ಅಡ್ಡರಸ್ತೆಗೆ ಅದು ಬೇಡ. ಅಲ್ಲಿ ಮರಳಿನ ಪರೀಕ್ಷೆ ಧಾರಾಳವಾಗಿ ಸಾಕು, ವಿದ್ಯುತ್ ಗುಣದಿಂದ ಸಾಂದ್ರತೆ ಅಳೆಯುವ ವಿಕಿರಣರಹಿತ ಉಪಕರಣಗಳೂ ಬಂದಿವೆ. ಶಾಲೆಯ ಮಕ್ಕಳು, ತಳ್ಳುಗಾಡಿ, ಆಟೋ ಒಂದೇ ಓಣಿಯಲ್ಲಿ ನುಗ್ಗುವ ಕಡೆ ಗೇಜಿನ ಸುತ್ತ ಹಗ್ಗ ಕಟ್ಟಿ ಜನರನ್ನು ದೂರ ಇಡುತ್ತೇವೆ ಎನ್ನುವುದು ನಡೆಯುವ ಮಾತಲ್ಲ.

ಇನ್ನು ಬಳಸಿ ಮುಗಿದ ಗೇಜಿನ ಪಾಡು. ಸೀಸಿಯಂ ಅರ್ಧಕ್ಕಿಳಿಯಲು 30 ವರ್ಷ, ಅಮೆರಿಸಿಯಂಗೆ 432 ವರ್ಷ. ಗುತ್ತಿಗೆದಾರರ ಕಂಪನಿಗಳು ಅಷ್ಟು ಬಾಳುವುದಿಲ್ಲ. ಕೆಟ್ಟ ಉಪಕರಣವನ್ನು ಮೂಲ ತಯಾರಕರಿಗೋ ಅಧಿಕೃತ ವಿಲೇವಾರಿ ಸಂಸ್ಥೆಗೋ ಮರಳಿಸಲು ದುಡ್ಡು ಬೇಕು, ಕಾಗದಪತ್ರ ಬೇಕು. ಗೋದಾಮಿನ ಮೂಲೆಗೆ ಸರಿಸಲು ಏನೂ ಬೇಡ. ಮಾಯಾಪುರಿಯ ಯಂತ್ರ ಅಂಥ ಮೂಲೆಯಲ್ಲೇ 25 ವರ್ಷ ಬಿದ್ದಿತ್ತು. ಟೆಂಡರು ಕರೆಯುವ ಪಾಲಿಕೆ, ಲೋಕೋಪಯೋಗಿ ಇಲಾಖೆ, ಮೆಟ್ರೋ ನಿಗಮಗಳ ಕೈಯಲ್ಲಿ ಇದಕ್ಕೆ ಮದ್ದಿದೆ. ಗೇಜು ಬಳಸಿದ ಕಾಮಗಾರಿಯ ಅಂತಿಮ ಬಿಲ್ಲಿನ ಜೊತೆ, ಆ ಗೇಜು ಇಂದು ಎಲ್ಲಿದೆ, ಯಾರ ಬೀಗದಡಿ ಇದೆ, ಮುಗಿದಿದ್ದರೆ ಮರಳಿಸಿದ ರಸೀದಿ ಯಾವುದು ಎಂಬ ಒಂದು ಹಾಳೆ ಇರಬೇಕು. ಅದು ಬರುವವರೆಗೆ ಠೇವಣಿ ಹಣ ಬಿಡುಗಡೆಯಾಗಬಾರದು.