ಮಹಾಯುದ್ಧದ ಕಥನದಲ್ಲಿ ಸ್ತ್ರೀಪರ್ವ

ಯುದ್ಧವನ್ನು ನಡೆಸಿ ಗೆದ್ದವನೇ ಆ ಯುದ್ಧದ ಕಥೆಯನ್ನೂ ಬರೆದರೆ ಆ ಕಥನದ ಗುಣವೇನು, ದೋಷವೇನು ಎಂಬುದನ್ನು ವಿಚಾರಮಾಡುವುದಕ್ಕೆ ವಿನ್‌ಸ್ಟನ್ ಚರ್ಚಿಲ್ಲರ ಎರಡನೆಯ ಮಹಾಯುದ್ಧದ ಇತಿಹಾಸಕ್ಕಿಂತ ಯೋಗ್ಯವಾದ ಗ್ರಂಥವು ದೊರೆಯುವುದು ಕಷ್ಟ. 1948ರಿಂದ ಮೊದಲಾಗಿ ಆರು ಸಂಪುಟಗಳಲ್ಲಿ ಹೊರಬಂದ ಈ ಗ್ರಂಥದ ಕರ್ತೃಗಳು 1940ರಿಂದ 1945ರವರೆಗೆ ಬ್ರಿಟನ್ನಿನ ಪ್ರಧಾನಮಂತ್ರಿಗಳಾಗಿ ಯುದ್ಧಸೂತ್ರವನ್ನು ಹಿಡಿದಿದ್ದವರು. 1953ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದವರು. ನಾಲ್ಕನೆಯ ಸಂಪುಟಕ್ಕೆ ಅವರಿತ್ತ ಹೆಸರು 'ವಿಧಿಯ ತಿರುಗಣಿ' ಎಂಬರ್ಥದ್ದು. ಕದವು ತಿರುಗಣಿಯ ಮೇಲೆ ಹೊರಳುವಂತೆ 1942ರಲ್ಲಿ ಯುದ್ಧಭಾಗ್ಯವು ಹೊರಳಿತೆಂಬುದು ಅದರ ತಾತ್ಪರ್ಯ.

ಆ ವರ್ಷದ ಘಟನೆಗಳು ಸಾಮಾನ್ಯವಾದುವಲ್ಲ. ಫೆಬ್ರವರಿ 15ರಂದು ಸಿಂಗಾಪುರವು ಜಪಾನೀಯರ ವಶವಾಯಿತು. ಮಾರ್ಚ್ ತಿಂಗಳಲ್ಲಿ ರಂಗೂನು ಹೋಯಿತು. ಜೂನ್ 21ರಂದು ಆಫ್ರಿಕದ ಟೋಬ್ರೂಕ್ ಜರ್ಮನರ ಕೈಸೇರಿತು. ಅದೇ ಜೂನ್ ತಿಂಗಳ ಮೊದಲ ವಾರದಲ್ಲಿ ಶಾಂತಸಾಗರದ ಮಿಡ್ವೇ ದ್ವೀಪದ ಬಳಿ ಜಪಾನು ನಾಲ್ಕು ವಿಮಾನವಾಹಕ ನೌಕೆಗಳನ್ನು ಕಳೆದುಕೊಂಡಿತು. ಅಕ್ಟೋಬರ್ 23ರ ರಾತ್ರಿ ಈಜಿಪ್ಟಿನ ಎಲ್ ಅಲಮೇನಿನಲ್ಲಿ ಮಾಂಟ್‌ಗೊಮೆರಿಯ ಫಿರಂಗಿಗಳು ಮೊಳಗಿದುವು. ನವೆಂಬರ್ 19ರಂದು ಸೋವಿಯತ್ ಸೇನೆಯು ಸ್ಟಾಲಿನ್‌ಗ್ರಾಡಿನಲ್ಲಿದ್ದ ಜರ್ಮನರನ್ನು ಸುತ್ತುಗಟ್ಟಲು ಹೊರಟಿತು; ಮುಂದಿನ ಫೆಬ್ರವರಿಯ ಆರಂಭಕ್ಕೆ ಸುಮಾರು 91,000 ಮಂದಿ ಸೆರೆಸಿಕ್ಕಿದ್ದರು.

ಇವುಗಳಲ್ಲಿ ಸೋಲಿನ ಪ್ರಕರಣಗಳನ್ನು ಬರೆಯುವಾಗಲೇ ಚರ್ಚಿಲ್ಲರ ಲೇಖನಿಯು ಹೆಚ್ಚು ಸತ್ತ್ವವನ್ನು ತೋರುವುದು. ಸಿಂಗಾಪುರಕ್ಕೆ ನೆಲದ ಕಡೆಯಿಂದ ಕೋಟೆಯ ರಕ್ಷಣೆಯಿರಲಿಲ್ಲವೆಂಬುದನ್ನು ತಾವು ತಿಳಿದಿರಬೇಕಾಗಿತ್ತೆಂದು ಅವರು ಮರೆಮಾಚದೆ ಬರೆದಿರುವರು. ಶತ್ರುಸೇನಾನಿಯಾದ ರೊಮ್ಮೆಲನ ಪ್ರತಿಭೆಯನ್ನೂ ಈ ಸಂಪುಟಮಾಲೆಯಲ್ಲಿ ಮನಸಾರೆ ಹೊಗಳಿರುವರು. ರನ್ನನ ದುರ್ಯೋಧನನು ರಣರಂಗದಲ್ಲಿ ಅಭಿಮನ್ಯುವಿನ ದೇಹದೆದುರು ನಿಂತು ಅವನ ಶೌರ್ಯವನ್ನು ಮೆಚ್ಚಿದುದನ್ನು ಬಲ್ಲ ಕನ್ನಡ ವಾಚಕರಿಗೆ ಈ ಔದಾರ್ಯದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ತಿರುಗಣಿಯು ಎಲ್ಲಿದೆಯೆಂದು ಗೊತ್ತುಮಾಡಿದವರು ಯಾರು? ಈ ಸಂಪುಟದ ಎರಡು ಭಾಗಗಳಲ್ಲಿ ಒಂದಕ್ಕೆ ಜಪಾನಿನ ಆಕ್ರಮಣದ ಹೆಸರು, ಇನ್ನೊಂದಕ್ಕೆ ಆಫ್ರಿಕದ ಉದ್ಧಾರದ ಹೆಸರು. ಯುದ್ಧದ ಅತ್ಯಂತ ಘೋರವಾದ ನೆಲೆಯಾಗಿದ್ದ ರಷ್ಯಾದೇಶದ ಪ್ರಸ್ತಾಪವು ಒಳಗೆ ಬಂದರೂ ಭಾಗಗಳ ಹೆಸರಿನಲ್ಲಿ ಅದಕ್ಕೆ ಎಡೆಯಿಲ್ಲ. ಕದವನ್ನು ತನ್ನ ಮನೆಯೊಳಗಿಂದಲೇ ನೋಡಿದವನಿಗೆ ತಿರುಗಣಿಯು ತೋರುವುದು ಹೀಗೆಯೇ.

ವ್ಯಾಸಭಾರತದಲ್ಲಿಯೂ ಯುದ್ಧಪರ್ವಗಳಿಗೆ ಭೀಷ್ಮ, ದ್ರೋಣ, ಕರ್ಣ, ಶಲ್ಯರೆಂಬ ಸೇನಾಪತಿಗಳದೇ ಹೆಸರುಗಳಲ್ಲವೆ ಎಂದು ಕೇಳಬಹುದು. ನಿಜ, ಆದರೆ ಆ ನಾಲ್ವರೂ ಸೋತ ಪಕ್ಷದವರು. ಕಥೆ ಹೇಳುವವನು ಸಂಜಯ. ಕೇಳುವವನು ಮಕ್ಕಳನ್ನು ಕಳೆದುಕೊಳ್ಳುತ್ತಿರುವ ಕುರುಡು ತಂದೆ. ಸಂಜಯನು ಭೀಷ್ಮನು ಬಿದ್ದನೆಂಬ ವಾರ್ತೆಯನ್ನು ಮೊದಲು ತಿಳಿಸಿ, ಧೃತರಾಷ್ಟ್ರನ ಪ್ರಲಾಪವಾದ ಮೇಲೆ ಹತ್ತು ದಿನದ ಯುದ್ಧವನ್ನು ವರ್ಣಿಸುತ್ತಾನೆ. ಅಲ್ಲಿ ಯುದ್ಧದ ಪ್ರತಿಯೊಂದು ತಿರುವೂ ಮೊದಲು ಶೋಕವಾಗಿ ಕಿವಿಗೆ ಬೀಳುತ್ತದೆ. ಎಲ್ಲ ಮುಗಿದ ಬಳಿಕ ಸ್ತ್ರೀಪರ್ವವು ಬರುತ್ತದೆ. ಗಾಂಧಾರಿಯು ಎರಡು ಪಕ್ಷದ ಶವಗಳನ್ನೂ ಕಂಡು, ಗೆದ್ದವರ ಬೆನ್ನಿಗಿದ್ದ ಕೃಷ್ಣನನ್ನೇ ಶಪಿಸುತ್ತಾಳೆ. ವಿಜಯದ ಲೆಕ್ಕವನ್ನು ಹೆಣ್ಣೊಬ್ಬಳು ಪರಿಶೋಧಿಸಿದ ಹೊರತು ವ್ಯಾಸನ ದೃಷ್ಟಿಯಲ್ಲಿ ಯುದ್ಧಕಥೆಯು ಪೂರ್ಣವಾಗುವುದಿಲ್ಲ.

ಚರ್ಚಿಲ್ಲರ ಆರು ಸಂಪುಟಗಳಲ್ಲಿ ಈ ಪರ್ವವಿಲ್ಲ. ರಂಗೂನಿನ ಪತನವನ್ನೇ ತೆಗೆದುಕೊಳ್ಳಬಹುದು. ಅವರಿಗೆ ಅದು ಒಂದು ಸೈನಿಕ ನಷ್ಟ. ಬಂಗಾಳದ ಒಕ್ಕಲಿಗೆ ಅದೇ ವಿಧಿಯ ತಿರುಗಣಿಯಾಯಿತು. ಬರ್ಮಾದಿಂದ ಬರುತ್ತಿದ್ದ ಅಕ್ಕಿಯು ನಿಂತಿತು. ಜಪಾನೀಯರು ಸಮುದ್ರದಿಂದ ಬರುವರೆಂಬ ಭಯದಿಂದ ಸರಕಾರವು ಕರಾವಳಿಯ ದೋಣಿಗಳನ್ನೂ ಧಾನ್ಯವನ್ನೂ ತೆಗೆಸಿತು. ಅಕ್ಟೋಬರ್ 1942ರಲ್ಲಿ ಮೇದಿನೀಪುರವನ್ನು ಚಂಡಮಾರುತವು ಹೊಡೆಯಿತು. ಯುದ್ಧವ್ಯಯದಿಂದ ಬೆಲೆಗಳು ಏರಿದುವು. ಧಾನ್ಯಕ್ಕಾಗಿ ಬೇಡಿದಷ್ಟು ಹಡಗುಗಳನ್ನು ಲಂಡನ್ನಿನ ಯುದ್ಧಮಂತ್ರಿಮಂಡಲವು ಕೊಡಲಿಲ್ಲ. 1943ರ ಕ್ಷಾಮದಲ್ಲಿಯೂ ಅದನ್ನನುಸರಿಸಿದ ರೋಗಗಳಲ್ಲಿಯೂ ಇಪ್ಪತ್ತರಿಂದ ಮೂವತ್ತು ಲಕ್ಷ ಜನರು ಸತ್ತರೆಂದು ಅಂದಾಜು. ಇದಕ್ಕೆ ಆರು ಸಂಪುಟಗಳಲ್ಲಿ ಒಂದು ಅಧ್ಯಾಯವೂ ಇಲ್ಲ. ಅಲಮೇನಿನ ವಿಜಯದಲ್ಲಿ ಭಾರತೀಯ ನಾಲ್ಕನೆಯ ಡಿವಿಜನ್ನಿನವರೂ ಪಾಲುಗಾರರಾಗಿದ್ದರೆಂಬುದನ್ನು ನೆನೆದರೆ ಈ ಮೌನವು ಮತ್ತಷ್ಟು ಭಾರವಾಗುತ್ತದೆ.

ಚರ್ಚಿಲ್ಲರು ಬರೆದುದು ಸ್ವಾನುಭವಕಥನ. ಅದರಲ್ಲಿ ಮಹಾಕಾವ್ಯದ ಅಂಗಗಳನ್ನು ಹುಡುಕುವುದು ಸರಿಯೆ, ಎಂಬ ಆಕ್ಷೇಪವು ಬರಬಹುದು. ಆದರೆ ಈ ಕಾಲದಲ್ಲಿಯೂ ಸ್ತ್ರೀಪರ್ವವನ್ನು ಬರೆಯಬಹುದೆಂಬುದಕ್ಕೆ ವಾಸಿಲಿ ಗ್ರಾಸ್‌ಮನ್ನರ 'ಜೀವನ ಮತ್ತು ವಿಧಿ' ಎಂಬ ರಷ್ಯನ್ ಕಾದಂಬರಿಯೇ ಸಾಕ್ಷಿ. ಗ್ರಾಸ್‌ಮನ್ನರು ಪತ್ರಿಕಾ ಬಾತ್ಮೀದಾರರಾಗಿ ಸ್ಟಾಲಿನ್‌ಗ್ರಾಡನ್ನು ಕಣ್ಣಾರೆ ಕಂಡವರು. ಅವರ ತಾಯಿಯನ್ನು 1941ರಲ್ಲಿ ಬೆರ್ಡಿಚೇವಿನಲ್ಲಿ ಜರ್ಮನರು ಕೊಂದರು. ಈ ಕೃತಿಯಲ್ಲಿ ಸೇನಾನಿಗಳಿದ್ದಾರೆ. ಮುಳ್ಳುತಂತಿಯ ಒಳಗಿನಿಂದ ಮಗನಿಗೆ ಕಡೆಯ ಕಾಗದವನ್ನು ಬರೆಯುವ ತಾಯಿಯೂ, ಸರಾಟೋವಿನಲ್ಲಿ ಮಗನ ಗೋರಿಯ ಬಳಿ ರಾತ್ರಿ ಕಳೆಯುವ ತಾಯಿಯೂ ಇದ್ದಾರೆ. ಸ್ಟಾಲಿನ್‌ಗ್ರಾಡಿನ ಪ್ರತಿದಾಳಿಯ ದಿನ ಟ್ಯಾಂಕುದಳದ ನಾಯಕನಾದ ನೊವಿಕೋವನು, ಮೇಲಧಿಕಾರಿಗಳ ಒತ್ತಾಯವನ್ನು ಲೆಕ್ಕಿಸದೆ, ಶತ್ರುವಿನ ಫಿರಂಗಿಗಳು ಅಡಗುವವರೆಗೆ ಎಂಟು ನಿಮಿಷ ದಾಳಿಯನ್ನು ತಡೆಯುತ್ತಾನೆ. ತನ್ನ ಹುಡುಗರನ್ನು ವ್ಯರ್ಥವಾಗಿ ಬಲಿಗೊಡಲೊಲ್ಲನು. ಮಹಾಯುದ್ಧದ ತಿರುಗಣಿಯು ಆ ಎಂಟು ನಿಮಿಷಗಳಲ್ಲಿದೆಯೆಂದು ತೋರಿಸಿದುದು ಗ್ರಾಸ್‌ಮನ್ನರ ಹಿರಿಮೆ. ಗೆದ್ದ ಸರಕಾರಕ್ಕೆ ಇದು ಸಹ್ಯವಾಗಲಿಲ್ಲ. 1961ರಲ್ಲಿ ಹಸ್ತಪ್ರತಿಯನ್ನು ಮುಟ್ಟುಗೋಲು ಹಾಕಲಾಯಿತು. 1964ರಲ್ಲಿ ಕರ್ತೃವು ತೀರಿಕೊಂಡರು. ಗ್ರಂಥವು 1980ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಅಚ್ಚಾಯಿತು. ಸೋವಿಯತ್ ದೇಶದಲ್ಲಿ ಬೆಳಕು ಕಂಡುದು 1988ರಲ್ಲಿ.

ಒಬ್ಬರ ಗ್ರಂಥಕ್ಕೆ ಪಾರಿತೋಷಕ, ಮತ್ತೊಬ್ಬರದಕ್ಕೆ ಮುಟ್ಟುಗೋಲು. ಸಹೃದಯರ ತಕ್ಕಡಿಯು ಇವೆರಡನ್ನೂ ಪ್ರಮಾಣವಾಗಿ ಹಿಡಿಯಬೇಕಾಗಿಲ್ಲ. ಯುದ್ಧವು ಹೇಗೆ ಗೆಲ್ಲಲ್ಪಟ್ಟಿತೆಂಬುದನ್ನು ತಿಳಿಯಲು ಚರ್ಚಿಲ್ಲರನ್ನು ಓದಬೇಕು. ಗೆಲವಿಗೆ ಯಾರು ಬೆಲೆ ತೆತ್ತರೆಂಬುದನ್ನು ತಿಳಿಯಲು ಗ್ರಾಸ್‌ಮನ್ನರನ್ನು ಓದಬೇಕು. ಬಂಗಾಳದ ತಾಯಂದಿರ ಪರ್ವವಂತೂ ಈ ಎರಡರಲ್ಲಿಯೂ ಇಲ್ಲ. ಅದನ್ನು ಬರೆಯುವ ಹೊಣೆಯು ಭಾರತೀಯ ಭಾಷೆಗಳದು.