ಆರ್‌ಎಕ್ಸ್ 100ರ ತಂತಿಗಳಿಗೊಂದು ಟೀಕೆ

ಇಲ್ಲಿ ವ್ಯಾಖ್ಯಾನಕ್ಕೆ ಎತ್ತಿಕೊಂಡ ಮೂಲ ಒಂದೇ ಪುಟದ್ದು. ಎಸ್ಕಾರ್ಟ್ಸ್ ಸಂಸ್ಥೆ 1985ರಲ್ಲಿ ಹೊರತಂದು 1996ರವರೆಗೆ ತಯಾರಿಸಿದ ಯಮಹಾ ಆರ್‌ಎಕ್ಸ್ 100 ಗಾಡಿಯ ವೈರಿಂಗ್ ನಕ್ಷೆ ಅದು. ತಂತಿಗಳ ಬಣ್ಣವನ್ನು ಆ ನಕ್ಷೆ ಒಂದೆರಡು ಅಕ್ಷರಗಳಲ್ಲಿ ಅಡಕವಾಗಿ ಹೇಳುತ್ತದೆ. ಆ ವರ್ಣಸೂಚಿಯೇ ಈ ಟೀಕೆಗೆ ಆಧಾರ. ಅಧಿಕಾರಿ, ಎಂದರೆ ಇದನ್ನು ಓದತಕ್ಕವನು, ಬನಶಂಕರಿಯಲ್ಲೋ ಜಯನಗರದಲ್ಲೋ ಮನೆಯ ಪೋರ್ಟಿಕೋದಲ್ಲಿ ಸೀಟು, ಟ್ಯಾಂಕು ಬಿಚ್ಚಿಟ್ಟು, ಕೈಯಲ್ಲಿ ಮಲ್ಟಿಮೀಟರು ಹಿಡಿದು ಕುಳಿತವನು. ಪ್ರಯೋಜನವೋ, ಕೆಡದ ಭಾಗಕ್ಕೆ ಜೆ.ಸಿ. ರಸ್ತೆಯಲ್ಲಿ ದುಡ್ಡು ಸುರಿಯದಿರುವುದು.

ಕಪ್ಪು. ಸೂಚಿಯಲ್ಲಿ ಒಂಟಿಯಾಗಿ ನಿಂತ ಈ ಬಣ್ಣಕ್ಕೆ ಅರ್ತ್ ಎಂದರ್ಥ. ಕೆಲಸ ಮುಗಿಸಿದ ಕರೆಂಟು ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ ಇದು. ಇದನ್ನೇ ಮೊದಲು ಓದತಕ್ಕದ್ದು. ಲೋಕದಲ್ಲಿ ಕರೆಂಟು ಬರುತ್ತಿದೆಯೇ ಎಂದು ಕೇಳುವವರೇ ಎಲ್ಲರೂ. ಹೋಗುತ್ತಿದೆಯೇ ಎಂದು ಕೇಳುವವರು ವಿರಳ. ಗಾಡಿಯ ಚಾಸಿಯೂ ಈ ಕಪ್ಪಿನ ಭಾಗವೇ ಆದ್ದರಿಂದ, ತಂತಿ ಚಾಸಿಯನ್ನು ಸೇರುವ ಬೋಲ್ಟಿನ ಬುಡದಲ್ಲಿ ತುಕ್ಕು ಹಿಡಿದರೆ ದಾರಿ ಕಟ್ಟಿತು. ಅದೆಂತೆನೆ, ಹಳೆಯ ಆರ್‌ಎಕ್ಸನ್ನು ಹೊಸದು ಮಾಡಿಸುವ ಉತ್ಸಾಹದಲ್ಲಿ ಚಾಸಿಗೆಲ್ಲ ಪೌಡರ್ ಕೋಟಿಂಗ್ ಮಾಡಿಸುತ್ತಾರೆ. ಆ ಲೇಪ ಕರೆಂಟನ್ನು ಬಿಡುವುದಿಲ್ಲ. ಬೋಲ್ಟು ಕೂರುವ ನಾಣ್ಯದಗಲದ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ ಲೋಹ ಕಾಣಿಸದೆ ಹೋದರೆ, ಬಣ್ಣ ಹೊಸದಾದಷ್ಟೂ ದೀಪ ಮಂಕು.

ಇಲ್ಲಿ ಒಂದು ಶಂಕೆ. ಮೀಟರನ್ನು ಬೀಪ್ ಸ್ಥಾನಕ್ಕಿಟ್ಟು ಕಪ್ಪುತಂತಿಯ ಎರಡು ತುದಿ ಮುಟ್ಟಿಸಿದಾಗ ಸದ್ದು ಬಂದರೆ ತಂತಿ ಚೆನ್ನಾಗಿದೆ ಎನ್ನಬಾರದೇಕೆ? ಸಮಾಧಾನ: ತಂತಿಯೊಳಗಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಬೀಪ್ ಕೇಳಿಸುತ್ತದೆ. ಆದರೆ 12 ವೋಲ್ಟಿನಲ್ಲಿ 21 ವ್ಯಾಟಿನ ಬಲ್ಬು ಎಳೆಯುವ 1.75 ಆಂಪಿಯರನ್ನು ಆ ಒಂದು ಎಳೆ ಹೊರಲಾರದು. ಆದ್ದರಿಂದ ಕೆಲಸ ಮಾಡಿಸುತ್ತಲೇ ಅಳೆಯಬೇಕು. ಕೀ ಆನ್ ಮಾಡಿ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಮೀಟರಿನ ಒಂದು ಮೊನೆ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಬ್ರೇಕ್ ಲೈಟಿನ ಕಪ್ಪುತಂತಿಗೆ ಇರಲಿ. ಸೊನ್ನೆಯ ಆಸುಪಾಸು ತೋರಿದರೆ ದಾರಿ ಸಲೀಸು. ಅರ್ಧ ವೋಲ್ಟನ್ನೂ ಮೀರಿದರೆ ಅಷ್ಟು ವೋಲ್ಟು ನಡುವೆ ಎಲ್ಲೋ ತುಕ್ಕಿಗೆ ಸಲ್ಲುತ್ತಿದೆ ಎಂದು ತಿಳಿಯತಕ್ಕದ್ದು. ಬ್ರೇಕ್ ಒತ್ತದೆ ಅಳೆದರೆ ಕರೆಂಟೇ ಹರಿಯದ ಕಾರಣ, ಎಂಥ ಕೆಟ್ಟ ಅರ್ತ್ ಕೂಡ ಸೊನ್ನೆಯನ್ನೇ ತೋರಿಸಿ ಮೋಸಮಾಡುತ್ತದೆ.

ಕೆಂಪು, ಕಂದು. ಈ ಎರಡನ್ನು ಒಟ್ಟಿಗೆ ಓದಬೇಕು. ಕೆಂಪು ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸಿನ ಮೂಲಕ ಕೀ ಸ್ವಿಚ್ಚಿಗೆ ಬರುವುದು. ಕಂದು ಅಲ್ಲಿಂದ ಮುಂದಕ್ಕೆ, ಎಂದರೆ ಕೀ ತಿರುಗಿಸಿದಾಗ ಮಾತ್ರ ಜೀವ ತಳೆಯುವುದು. ಕೆಂಪಿನಲ್ಲಿ 12.6 ವೋಲ್ಟಿದ್ದು ಕಂದಿನಲ್ಲಿ 10 ಇದ್ದರೆ ದೋಷ ಕೀ ಸ್ವಿಚ್ಚಿನೊಳಗಿದೆ, ಬ್ಯಾಟರಿಯಲ್ಲಲ್ಲ.

ನಸುಗೆಂಪು. ಇದು ಹಾರ್ನಿನದು. ಹಾರ್ನಿಗೆ ಕಂದು ಮೊದಲೇ ಬಂದು ಕಾದಿರುತ್ತದೆ. ನಸುಗೆಂಪು ಹಾರ್ನಿನಿಂದ ಹ್ಯಾಂಡಲಿನ ಬಟನ್ನಿಗೆ ಹೋಗುತ್ತದೆ. ಬಟನ್ ಒತ್ತಿದಾಗ ಅದು ಕಪ್ಪನ್ನು ಸೇರುತ್ತದೆ. ಬಟನ್ನು ಕರೆಂಟನ್ನು ಕೊಡುವುದಿಲ್ಲ, ಹೋಗಲು ಬಿಡುತ್ತದೆ ಎಂಬುದು ಭಾವ. ಹೀಗಿರುವುದರಿಂದಲೇ ನಸುಗೆಂಪು ತಂತಿಯ ಸಿಪ್ಪೆ ಸವೆದು ಹ್ಯಾಂಡಲಿಗೆ ತಾಗಿದರೆ ಹಾರ್ನು ತಾನಾಗಿ ಕಿರುಚುತ್ತದೆ. ಹಾರ್ನು ಮೂಕವಾಗಿದ್ದರೆ ಆ ತಂತಿಯ ತುದಿಯನ್ನು ಚಾಸಿಯ ಬರಿಲೋಹಕ್ಕೆ ಮುಟ್ಟಿಸಿ ನೋಡುವುದು. ಕೂಗಿತೋ, ಹಾರ್ನು ನಿರ್ದೋಷಿ; ಬಟನ್ನನ್ನು ಬಿಚ್ಚಬೇಕು.

ಹಸಿರು, ಕಡುಹಸಿರು, ಕಂದು, ಚಾಕಲೇಟು. ಮೂಲದಲ್ಲಿ ಓದುಗ ಎಡವುವ ಸ್ಥಳ ಇದೇ. ಹಸಿರು ಹೆಡ್‌ಲೈಟಿನ ಡಿಮ್, ಕಡುಹಸಿರು ಬಲ ಇಂಡಿಕೇಟರು. ಕಂದು ಮೇಲೆ ಹೇಳಿದ್ದು, ಚಾಕಲೇಟು ಎಡ ಇಂಡಿಕೇಟರು. ಮೂವತ್ತು ವರ್ಷದ ಧೂಳು, ಗ್ರೀಸು ಕುಡಿದ ತಂತಿಗಳಲ್ಲಿ ಈ ಭೇದ ಅಳಿಸಿಹೋಗಿರುತ್ತದೆ. ಹೆಡ್‌ಲೈಟಿನ ಬಟ್ಟಲಿನೊಳಗೆ ಗೋಜಲಾಗಿ ಸೇರಿರುವ ಕೊಂಡಿಗಳ ನಡುವೆಯಂತೂ ನಾಲ್ಕೂ ಒಂದೇ ಮಣ್ಣುಬಣ್ಣ. ಆಗ ತಂತಿಕಟ್ಟಿನ ಮೇಲಿನ ಕರಿಕೊಳವೆಯನ್ನು ಒಂದಂಗುಲ ಹಿಂದಕ್ಕೆ ಸರಿಸಿದರೆ, ಬೆಳಕು ಕಾಣದ ಆ ಭಾಗದಲ್ಲಿ ನಿಜವಾದ ಬಣ್ಣ ಉಳಿದಿರುತ್ತದೆ. ಈ ಕಷ್ಟ ಬೇಡವೆಂದು ಕಂದನ್ನು ಚಾಕಲೇಟಿಗೆ ಜೋಡಿಸಿದರೆ ಫಲವೇನು? ಫ್ಲಾಶರನ್ನು ಹಾಯದೆ ಕರೆಂಟು ನೇರ ನುಗ್ಗುವುದರಿಂದ, ಕೀ ಆನ್ ಮಾಡಿದೊಡನೆ ಎಡದ ಇಂಡಿಕೇಟರು ಮಿನುಗದೆ ಉರಿದೇ ಇರುತ್ತದೆ. ಹೊಸ ಫ್ಲಾಶರ್ ತಂದರೂ ಇದು ನಿಲ್ಲದು.

ಹೆಡ್‌ಲೈಟಿನ ವಿಷಯದಲ್ಲಿ ಒಂದು ಅಪವಾದ. ಈ ಗಾಡಿಯಲ್ಲಿ ಹೆಡ್‌ಲೈಟು ಬ್ಯಾಟರಿಯನ್ನು ಉಣ್ಣುವುದಿಲ್ಲ. ಮ್ಯಾಗ್ನೆಟ್ಟಿನ ಕಾಯಿಲಿನಿಂದ ಬರುವ ಎಸಿ ಕರೆಂಟಿನಲ್ಲಿ ಉರಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಮಂಕಾಗಿ, ಎಕ್ಸಲರೇಟರು ತಿರುಗಿಸಿದಾಗ ಬೆಳಗುವುದು ಅದರ ಸ್ವಭಾವವೇ ಹೊರತು ರೋಗವಲ್ಲ. ಇಲ್ಲಿ ಮೀಟರನ್ನು ಡಿಸಿಯಲ್ಲಿಟ್ಟು ಅಳೆದವನಿಗೆ ಸೊನ್ನೆ ಕಂಡು, ಕಾಯಿಲು ಸತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ.

ಕಪ್ಪು-ಬಿಳಿ. ಜೋಡಿ ಹೆಸರಿನಲ್ಲಿ ಮೊದಲನೆಯದು ತಂತಿಯ ಮೈಬಣ್ಣ, ಎರಡನೆಯದು ಅದರ ಮೇಲಿನ ಗೆರೆ. ಕಪ್ಪು ಮೈಗೆ ಬಿಳಿ ಗೆರೆಯುಳ್ಳ ಈ ತಂತಿ ಸಿಡಿಐನಿಂದ, ಅಂದರೆ ಪ್ಲಗ್ಗಿಗೆ ಕಿಡಿ ಹೊಂದಿಸುವ ಪೆಟ್ಟಿಗೆಯಿಂದ, ಕೀ ಸ್ವಿಚ್ಚಿಗೆ ಹೋಗುತ್ತದೆ. ಇದರ ಕೆಲಸ ಎಂಜಿನನ್ನು ನಿಲ್ಲಿಸುವುದು. ಕೀ ಆಫ್ ಮಾಡಿದಾಗ ಇದು ಕಪ್ಪನ್ನು ಸೇರುತ್ತದೆ. ಶಂಕೆ: ಆಫ್ ಎಂದರೆ ಕತ್ತರಿಸುವುದಲ್ಲವೇ, ಜೋಡಿಸುವುದು ಹೇಗೆ ಆಫ್ ಆದೀತು? ಸಮಾಧಾನ: ಕಿಡಿಯ ಕರೆಂಟೂ ಬ್ಯಾಟರಿಯದ್ದಲ್ಲ, ಮ್ಯಾಗ್ನೆಟ್ಟಿನೊಳಗಿನ ಬೇರೊಂದು ಕಾಯಿಲಿನದು. ಬ್ಯಾಟರಿಯನ್ನು ಕಿತ್ತಿಟ್ಟರೂ ಈ ಎಂಜಿನ್ ಕಿಕ್ಕಿಗೆ ಏಳುವುದು ಇದರಿಂದಲೇ. ಬ್ಯಾಟರಿಯನ್ನು ಕತ್ತರಿಸಿ ನಿಲ್ಲಿಸಲಾಗದ್ದನ್ನು ಅರ್ತಿಗೆ ಇಳಿಸಿ ನಿಲ್ಲಿಸುತ್ತಾರೆ.

ಇದರಿಂದ ಬರುವ ಅರ್ಥ ದೊಡ್ಡದು. ಬೆಂಗಳೂರಿಗೆ ಸೆಪ್ಟೆಂಬರ್ ಅತಿ ಹೆಚ್ಚು ಮಳೆಯ ತಿಂಗಳು. ಸಿಲ್ಕ್ ಬೋರ್ಡಿನ ನೀರಿನಲ್ಲಿ ಹಾಯ್ದು ಬಿಟಿಎಂ ಸೇರಿದ ಗಾಡಿಯ ಕೀ ಸ್ವಿಚ್ಚಿನಲ್ಲಿ ನೀರು ನಿಂತರೆ, ಅಥವಾ ಹ್ಯಾಂಡಲ್ ತಿರುಗುವ ಕಡೆ ತಂತಿಕಟ್ಟು ಚಾಸಿಗೆ ಉಜ್ಜಿ ಸವೆದರೆ, ಕಪ್ಪು-ಬಿಳಿ ಕಪ್ಪನ್ನು ಮುಟ್ಟುತ್ತದೆ. ಕೀ ಆನ್ ಇದ್ದರೂ ಎಂಜಿನ್ನಿನ ಪಾಲಿಗೆ ಅದು ಆಫ್. ಕಿಡಿಯಿಲ್ಲ. ಗ್ಯಾರೇಜಿನ ಮೊದಲ ತೀರ್ಪು ‘ಸಿಡಿಐ ಹೋಗಿದೆ’ ಎಂದು. ತಂದು ಹಾಕಿದರೂ ಕಿಡಿ ಬಾರದಿದ್ದಾಗ ಎಲೆಕ್ಟ್ರಿಕಲ್ ಸಾಮಾನನ್ನು ಅಂಗಡಿಯವರು ವಾಪಸು ಮುಟ್ಟುವುದೂ ಇಲ್ಲ. ದುಡ್ಡು ಕೊಡುವ ಮೊದಲು ಸಿಡಿಐ ಬಳಿ ಕಪ್ಪು-ಬಿಳಿಯ ಕೊಂಡಿಯೊಂದನ್ನೇ ಬಿಡಿಸಿ, ಪ್ಲಗ್ಗನ್ನು ಅದರ ಕ್ಯಾಪಿನೊಡನೆ ಎಂಜಿನ್ನಿನ ಲೋಹಕ್ಕೆ ಒರಗಿಸಿ ಕಿಕ್ ಹೊಡೆಯಬೇಕು. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುವುದರಿಂದ ಕಿಡಿ ಅದರ ಬಾಯಿಗೆ ದೂರವಿರಲಿ. ನೀಲಿ ಕಿಡಿ ಹಾರಿದರೆ ಸಿಡಿಐಗೆ ಬಿಡುಗಡೆ; ತಪ್ಪಿತಸ್ಥ ಸ್ವಿಚ್ಚೋ ತಂತಿಯೋ. ಕೊಂಡಿ ಬಿಡಿಸಿಯೇ ಓಡಿಸುವವನಿಗೆ ಒಂದು ಎಚ್ಚರಿಕೆ: ಕೀ ತೆಗೆದರೂ ಎಂಜಿನ್ ನಿಲ್ಲದು. ಗೇರಿನಲ್ಲಿಟ್ಟು ಬ್ರೇಕ್ ಹಿಡಿದು ಕ್ಲಚ್ ಬಿಟ್ಟೇ ನಿಲ್ಲಿಸಬೇಕು.

ಉಳಿದ ಜೋಡಿಬಣ್ಣಗಳಿಗೆ ಒಂದೊಂದು ಮಾತು ಸಾಕು. ಕಪ್ಪು-ಕೆಂಪು ಕಾಯಿಲಿನಿಂದ ಸಿಡಿಐಗೆ ಶಕ್ತಿ ತರುವುದು, ಬಿಳಿ-ಕೆಂಪು ಕಿಡಿಯ ಮುಹೂರ್ತ ಹೇಳುವುದು, ಕಿತ್ತಳೆ ಸಿಡಿಐನಿಂದ ಇಗ್ನಿಷನ್ ಕಾಯಿಲಿಗೆ ಹೋಗುವುದು.

ಇನ್ನು ಬೆಸುಗೆ, ಇದು ಮೂಲದಲ್ಲಿಲ್ಲದ ಶೇಷ. ಎರಡು ತುದಿ ತಿರುಚಿ ಇನ್ಸುಲೇಷನ್ ಟೇಪು ಸುತ್ತಿದ ಜೋಡಣೆ ಏಪ್ರಿಲ್ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಸೀಸ ಹಾಕಿ, ಮೊದಲೇ ತೂರಿಸಿಟ್ಟ ಶ್ರಿಂಕ್ ಸ್ಲೀವನ್ನು ಬಿಸಿಮಾಡಿ ಮುಚ್ಚಿದ್ದೇ ಬಾಳುವುದು. ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಸೆಲ್ಲಾರಿನಲ್ಲಿ ಇಲಿ ಕಡಿದ ತಂತಿಗೆ ಒಂದೇ ಕಡೆ ಗಾಯವಿರುವುದು ಅಪರೂಪವಾದ್ದರಿಂದ, ಸಿಕ್ಕ ಮೊದಲ ಗಾಯಕ್ಕೆ ಹುಡುಕಾಟ ನಿಲ್ಲಿಸತಕ್ಕದ್ದಲ್ಲ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೆಎ-05, ಎಂದರೆ ಜಯನಗರದ ಆರ್‌ಟಿಒ, ಸಂಖ್ಯೆಯ ಗಾಡಿಯವನಿಗೂ ಈ ನಿಯಮ ತಪ್ಪದು; ಅಲ್ಲಿ ಹಾರ್ನು, ಬ್ರೇಕ್ ಲೈಟು, ಇಂಡಿಕೇಟರುಗಳಿಗೆ ಉತ್ತರ ಹೇಳಬೇಕಾಗುತ್ತದೆ. ಟ್ಯಾಂಕು ಕೂರಿಸುವ ಮುನ್ನ ಎಂಜಿನ್ ಚಾಲೂ ಇಟ್ಟು, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ತೀರುವುದರೊಳಗೆ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡುವುದು. ತಿರುಗಿಸಿದಾಗ ಎಂಜಿನ್ ಮಿಸ್ ಹೊಡೆದರೆ ಅಲ್ಲಿನ ತಂತಿ ಇನ್ನೂ ಎಳೆದುಕೊಳ್ಳುತ್ತಿದೆ. ಕಟ್ಟಿದ ಕ್ಲಿಪ್ಪನ್ನು ಸಡಿಲಿಸಿ ಎರಡು ಬೆರಳಿನಷ್ಟು ಸಲಿಗೆ ಬಿಡಬೇಕು.