ತಬಲೆಯ ಗಣಿತದಲ್ಲಿ ವಾಯುವಿನ ಪಾಲು: ಒಂದು ವಿಮರ್ಶೆ

ಕಂಪಿಸುವ ಘನವಸ್ತುವೊಂದು ಗಾಳಿಯನ್ನೋ ನೀರನ್ನೋ ಮುಟ್ಟಿಕೊಂಡಿರುವಾಗ, ಅದರ ಕಂಪನವನ್ನು ಆ ವಸ್ತುವಿನ ಗುಣಗಳಿಂದ ಮಾತ್ರವೇ ನಿರ್ಣಯಿಸಲಾಗದು. ಇದು ಎಲ್ಲರೂ ಒಪ್ಪುವ ಮಾತು. ಲೆಕ್ಕಕ್ಕೆ ಕುಳಿತೊಡನೆ ಹಲವರು ಮರೆಯುವ ಮಾತೂ ಹೌದು. ನಮ್ಮ ಚರ್ಮವಾದ್ಯಗಳನ್ನು ಕುರಿತ ಗಣಿತದ ಇತಿಹಾಸವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಸಮವಾಗಿ ಬಿಗಿದ ದುಂಡು ಪೊರೆಯ ಸಹಜಾವೃತ್ತಿಗಳು 1, 1.59, 2.14, 2.30 ಎಂಬ ಪ್ರಮಾಣದಲ್ಲಿ ಏರುತ್ತವೆ. ಇವುಗಳಲ್ಲಿ ಶ್ರುತಿಯ ಹೊಂದಾಣಿಕೆ ಇಲ್ಲ. ತಬಲೆಯ ಶಾಯಿ, ಮೃದಂಗದ ಕರಣೆ ಈ ಕೊರತೆಯನ್ನು ನೀಗಿ ಸ್ವರಗಳನ್ನು ಪೂರ್ಣಾಂಕಗಳ ಸಮೀಪಕ್ಕೆ ತರುತ್ತವೆಂಬುದನ್ನು ಸಿ. ವಿ. ರಾಮನ್ನರು 1920ರಲ್ಲಿ ಸಹಲೇಖಕರೊಡನೆ ‘ನೇಚರ್’ ಪತ್ರಿಕೆಯಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿಯೂ ಪ್ರಯೋಗಪೂರ್ವಕವಾಗಿ ತೋರಿಸಿದರು. 1954ರಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿ ಅವರು, ಒಳವಲಯದಲ್ಲಿ ಒಂದು ಸಾಂದ್ರತೆ, ಹೊರವಲಯದಲ್ಲಿ ಇನ್ನೊಂದು ಸಾಂದ್ರತೆ ಇರುವ ಸಂಯುಕ್ತ ಪೊರೆಯೆಂದು ವಾದ್ಯವನ್ನು ಭಾವಿಸಿ, ಈ ಫಲಕ್ಕೆ ಗಣಿತದ ಆಧಾರವನ್ನು ಒದಗಿಸಿದರು. ಇಷ್ಟು ಸರಳವಾದ ಕಲ್ಪನೆಯಿಂದ ಇಷ್ಟು ಫಲವನ್ನು ಪಡೆದ ಲೇಖನಗಳು ವಿರಳ.

ಆದರೆ ಈ ಪೊರೆಯು ನಿರ್ವಾತದಲ್ಲಿ ಕಂಪಿಸುವ ಪೊರೆ. ಅದರ ಮೇಲೆ ಗಾಳಿಯಿಲ್ಲ, ಕೆಳಗೆ ಮುಚ್ಚಿದ ಬುರುಡೆಯಿಲ್ಲ. ಫಲ ಹೊಂದಿತಲ್ಲ, ಹಾಗಾದರೆ ಗಾಳಿ ಗಣನೀಯವಲ್ಲವೆಂದು ವಾದಿಸುವವರಿದ್ದಾರೆ. ಈ ವಾದವನ್ನು ಒಪ್ಪುವುದು ಕಷ್ಟ. ವ್ಯಾಸಾರ್ಧಗಳ ಪ್ರಮಾಣ, ಸಾಂದ್ರತೆಗಳ ಪ್ರಮಾಣ ಎಂಬ ಎರಡು ರಾಶಿಗಳನ್ನು ಬೇಕಾದಂತೆ ಹೊಂದಿಸಿಕೊಳ್ಳಲು ಅವಕಾಶವಿರುವಲ್ಲಿ, ಬಿಟ್ಟುಹೋದ ಗಾಳಿಯ ಪರಿಣಾಮವು ಆ ರಾಶಿಗಳೊಳಗೇ ಅಡಗಿ ಕುಳಿತಿರಬಹುದು.

ಗಾಳಿಯ ಹೊರೆ ಎಷ್ಟೆಂಬುದನ್ನು ಪಾಶ್ಚಾತ್ಯರ ಕೆಟಲ್‌ಡ್ರಮ್ಮಿನಲ್ಲಿ ನೋಡಬೇಕು. ಅದಕ್ಕೆ ಶಾಯಿಯಿಲ್ಲ, ಆದರೂ ಅದರಲ್ಲಿ ನಿಶ್ಚಿತ ಶ್ರುತಿಯುಂಟು. ಶ್ರುತಿಗೆ ಕಾರಣವಾದ ನಾಲ್ಕು ಮುಖ್ಯ ಕಂಪನಗಳು ನಿರ್ವಾತದಲ್ಲಿ 1, 1.34, 1.66, 1.98 ಎಂದು ಇರತಕ್ಕವು. ವಾದ್ಯದಲ್ಲಿ ಸುಮಾರು 1, 1.5, 2, 2.5ರ ಬಳಿಗೆ ಬರುತ್ತವೆ. 33 ಸೆಂಟಿಮೀಟರ್ ವ್ಯಾಸಾರ್ಧದ, ಚದರ ಮೀಟರಿಗೆ 0.26 ಕಿಲೋಗ್ರಾಂ ತೂಗುವ ಮೈಲಾರ್ ಪೊರೆಯನ್ನು ತೆಗೆದುಕೊಳ್ಳೋಣ. ಅಪರಿಮಿತ ಪೊರೆಯ ಸ್ಥೂಲ ಸೂತ್ರದಂತೆ ಎಣಿಸಿದರೆ, ಮೊದಲನೆಯ ಕಂಪನಕ್ಕೆ ಎರಡು ಬದಿಯ ಗಾಳಿ ಸೇರಿಸುವ ಹೊರೆ ಸುಮಾರು 0.2 ಕಿಲೋಗ್ರಾಂ, ಎಂದರೆ ಹೆಚ್ಚುಕಡಮೆ ಪೊರೆಯಷ್ಟೇ ತೂಕ! ನಾಲ್ಕನೆಯದಕ್ಕೆ ಅದರ ಅರ್ಧ. ಕೆಳಗಿನ ಸ್ವರಗಳು ಹೆಚ್ಚು ಇಳಿಯುವುದರಿಂದ ಅಂತರಗಳು ಅಗಲವಾಗುತ್ತವೆ. ಆದರೆ ಈ ಸೂತ್ರದಿಂದ ದೊರೆಯುವುದು 1, 1.42, 1.83, 2.24 ಮಾತ್ರ. ಎಂದರೆ ಸೂತ್ರವು ಅರ್ಧ ದಾರಿಗೆ ತಂದು ಕೈಬಿಡುತ್ತದೆ. ಉಳಿದರ್ಧವು ಅಂಚಿನಲ್ಲಿಯೂ ಪಾತ್ರೆಯಲ್ಲಿಯೂ ಇದೆ. ರಾಸಿಂಗ್ ಮೊದಲಾದವರು 1984ರಲ್ಲಿ ಪೊರೆ, ಒಳಗಾಳಿ, ಹೊರಗಾಳಿ ಮೂರನ್ನೂ ಒಂದೇ ಸಮಸ್ಯೆಯಾಗಿ ಬಿಡಿಸಿದುದು ಈ ಕಾರಣದಿಂದಲೇ ಗಮನಾರ್ಹ.

ಇಂದು ಗಣಕದಲ್ಲಿ ಇಂತಹ ಜೋಡಣೆಯನ್ನು ಮಾಡುವುದು ಸುಲಭವೆನಿಸಿದೆ. ಘನಕ್ಕೊಂದು ವಿಭಾಗ, ವಾಯುವಿಗೊಂದು ವಿಭಾಗ, ನಡುವೆ ಒಂದು ಸೀಮೆ. ಆ ಸೀಮೆಯಲ್ಲಿ ಪಾಲಿಸತಕ್ಕ ನಿಬಂಧನೆಗಳು ಎರಡು: ಪೊರೆಗೆ ಲಂಬವಾದ ದಿಕ್ಕಿನಲ್ಲಿ ಪೊರೆಯ ವೇಗವೂ ಗಾಳಿಯ ವೇಗವೂ ಒಂದೇ ಆಗಿರಬೇಕು, ಎರಡು ಬದಿಯ ಒತ್ತಡಗಳ ಅಂತರವು ಪೊರೆಯ ಮೇಲೆ ಬಲವಾಗಿ ವರ್ತಿಸಬೇಕು. ವಿದ್ಯಾರ್ಥಿಗಳ ಲೆಕ್ಕಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ ಇರುತ್ತದೆ, ಎರಡನೆಯದು ಎಷ್ಟೋ ವೇಳೆ ಇರುವುದಿಲ್ಲ. ಆಗ ಪೊರೆಯು ಗಾಳಿಯನ್ನು ನೂಕುತ್ತದೆ, ಗಾಳಿಯು ಪೊರೆಯನ್ನು ನೂಕುವುದಿಲ್ಲ. ಚಿತ್ರವೇನೋ ಅಂದವಾಗಿಯೇ ಬರುತ್ತದೆ! ಹೊರಗಾಳಿಯನ್ನು ಎಲ್ಲಿಯಾದರೂ ಕತ್ತರಿಸಬೇಕಾದಲ್ಲಿ ಗಟ್ಟಿಗೋಡೆಯನ್ನು ಇಟ್ಟುಬಿಟ್ಟರೆ, ವಾದ್ಯದಲ್ಲಿಲ್ಲದ ಅನುರಣನಗಳು ಕಾಣಿಸಿಕೊಳ್ಳುತ್ತವೆ. 1999ರಲ್ಲಿ ರೌತಿ, ಶೇಞ್, ಜೋಲಿ ಅವರು ಕೆಟಲ್‌ಡ್ರಮ್ಮನ್ನು ಕಾಲಕ್ರಮದಲ್ಲಿ ಅನುಕರಿಸಿದಾಗ ಈ ಕೃತಕ ಎಲ್ಲೆಯ ವಿಷಯದಲ್ಲಿ ವಹಿಸಿದ ಎಚ್ಚರವನ್ನು ಅಭ್ಯಾಸಿಗಳು ಅವಶ್ಯವಾಗಿ ನೋಡತಕ್ಕದ್ದು.

ತಬಲೆಗೆ ಮರಳೋಣ. ಇದರ ಮುಖ ಚಿಕ್ಕದು, ಶಾಯಿ ತೂಕದ್ದು. ಆದುದರಿಂದ ಗಾಳಿಯ ಹೊರೆ ಪ್ರಮಾಣದಲ್ಲಿ ಕಡಮೆ. ಆದರೆ ಒಳಗೆ ಸೆರೆಯಾದ ಗಾಳಿ ಹೊರೆ ಮಾತ್ರವಲ್ಲ, ಬುಗ್ಗೆಯೂ ಹೌದು. ಪೊರೆಯೆಲ್ಲವೂ ಒಟ್ಟಾಗಿ ಏರಿಳಿಯುವ ಕಂಪನದಲ್ಲಿ ಅದು ಕುಗ್ಗಿ ಹಿಗ್ಗಿ ಸ್ವರವನ್ನು ಮೇಲಕ್ಕೆತ್ತುತ್ತದೆ. ಅರ್ಧ ಏರಿ ಅರ್ಧ ಇಳಿಯುವ ಕಂಪನದಲ್ಲಿ ಬರಿದೆ ಅತ್ತಿತ್ತ ಸರಿದು ಸ್ವರವನ್ನು ಇಳಿಸುತ್ತದೆ. ಹೀಗೆ ಒಂದೇ ಗಾಳಿ ಒಂದು ಸ್ವರವನ್ನು ಏರಿಸಿ ಇನ್ನೊಂದನ್ನು ಇಳಿಸುವುದಾದರೆ, ಸ್ವರಪ್ರಮಾಣವನ್ನು ಕುರಿತ ಯಾವ ಸಿದ್ಧಾಂತವೂ ಅದನ್ನು ಬಿಡಲಾಗದು. ಈ ಕೊರತೆಯನ್ನು ತುಂಬಲು ತಿವಾರಿ ಮತ್ತು ಗುಪ್ತಾ ಅವರು 2017ರಲ್ಲಿ ಸಂಯುಕ್ತ ಪೊರೆಯ ಹಿಂದೆ ಗಡುಸಾದ ಉರುಳೆಯಾಕಾರದ ಕುಹರವನ್ನಿಟ್ಟು, ಮುಂದಿನ ಗಾಳಿಯನ್ನೂ ಗಣಿಸಿ, ಆವೃತ್ತಿಗಳ ಜೊತೆಗೆ ನಾದವು ಕ್ಷಯಿಸುವ ಕಾಲವನ್ನೂ ಕಂಡುಹಿಡಿದರು. 1954ರಿಂದ ಈಚೆಗೆ ಈ ದಾರಿಯಲ್ಲಿ ಇಟ್ಟ ದೊಡ್ಡ ಹೆಜ್ಜೆಗಳಲ್ಲಿ ಇದು ಒಂದೆಂಬುದು ನಮ್ಮ ಅಭಿಪ್ರಾಯ.

ಆದರೂ ಒಂದು ಆಕ್ಷೇಪಣೆ ಉಳಿಯುತ್ತದೆ. ಇಲ್ಲಿ ಪೊರೆಯನ್ನು ಅಪರಿಮಿತವಾದ ಗಟ್ಟಿ ಹಲಗೆಯೊಂದರಲ್ಲಿ ಕೂರಿಸಲಾಗಿದೆ. ಗಣಿತಕ್ಕೆ ಅನುಕೂಲವೇ ಸರಿ. ಆದರೆ ತಬಲೆ ಸಿಂಬಿಯ ಮೇಲೆ ಕುಳಿತಿರುತ್ತದೆ, ಅದರ ಸುತ್ತ ಹಲಗೆಯಿಲ್ಲ. ಮೂಲಸ್ವರ 300 ಹರ್ಟ್ಸ್ ಎಂದಿಟ್ಟುಕೊಂಡರೆ ಗಾಳಿಯಲ್ಲಿ ಅದರ ಅಲೆಯ ಉದ್ದ ಒಂದು ಮೀಟರಿಗೂ ಹೆಚ್ಚು. ವಾದ್ಯದ ಮುಖ ಗೇಣುದ್ದಕ್ಕೂ ಕಡಮೆ. ಇಂತಹ ಚಿಕ್ಕ ಮೂಲವು ಹಲಗೆಯಲ್ಲಿ ಕುಳಿತಾಗ, ಅಷ್ಟೇ ಕಂಪನಕ್ಕೆ, ಬಯಲಿನಲ್ಲಿ ಸೂಸುವುದರ ಇಮ್ಮಡಿ ಶಕ್ತಿಯನ್ನು ಸೂಸುತ್ತದೆ. ಆವೃತ್ತಿಯಲ್ಲಿ ಇದರಿಂದ ಆಗುವ ವ್ಯತ್ಯಾಸ ಅಲ್ಪ. ಮೂಲಸ್ವರವು ಶಬ್ದರೂಪದಲ್ಲಿ ಕಳೆದುಕೊಳ್ಳುವ ಶಕ್ತಿಯಲ್ಲಿ ಆಗುವ ವ್ಯತ್ಯಾಸ ಅಲ್ಪವಲ್ಲ. ಆದಕಾರಣ ಆವೃತ್ತಿಗಳು ಪ್ರಯೋಗಕ್ಕೆ ಹೊಂದಿದುವೆಂಬುದು ಕ್ಷಯಕಾಲದ ಲೆಕ್ಕಕ್ಕೆ ಸಾಕ್ಷಿಯಾಗಲಾರದು. ಚರ್ಮದಲ್ಲಿಯೇ ನಷ್ಟವಾಗುವ ಶಕ್ತಿಯನ್ನು ಇದರಿಂದ ಬೇರ್ಪಡಿಸಿ ಅಳೆಯುವುದೂ ಅವಶ್ಯ.

ಪರೀಕ್ಷೆ ಕಷ್ಟವಾದುದಲ್ಲ. ದೊಡ್ಡ ಮರದ ಹಲಗೆಯಲ್ಲಿ ತಬಲೆಯ ಮುಖದಷ್ಟು ರಂಧ್ರವನ್ನು ಕೊರೆದು, ಹಲಗೆಯು ವಾದ್ಯವನ್ನು ಮುಟ್ಟದಂತೆ ಮುಖದ ಮಟ್ಟಕ್ಕೆ ನಿಲ್ಲಿಸಿ, ಒಂದೇ ಪೆಟ್ಟಿಗೆ ಹಲಗೆಯೊಡನೆಯೂ ಹಲಗೆಯಿಲ್ಲದೆಯೂ ಮೂಲಸ್ವರದ ಕ್ಷಯಕಾಲವನ್ನು ಅಳೆದು ನೋಡಬಹುದು.